ಸೊಸೆಗಾಗಿ ಕಟ್ಟಿದ ಕೆಂಪು ಹೆಬ್ಬಾಗಿಲು: ಟೋಕಿಯೊದ ಅಕಾಮೋನ್ ಪ್ರಕರಣ

ಟೋಕಿಯೊದ ಹೊಂಗೊ-ಸಾನ್‌ಚೋಮೆ ಮೆಟ್ರೊ ಸ್ಟೇಷನ್‌ನಲ್ಲಿ ಇಳಿದು, ಹೊಂಗೊ ರಸ್ತೆ ಹಿಡಿದು ಉತ್ತರಕ್ಕೆ ಸ್ವಲ್ಪ ದೂರ ನಡೆದರೆ ಬಲಗಡೆ ಒಂದು ಕೆಂಪು ಹೆಬ್ಬಾಗಿಲು ಸಿಗುತ್ತದೆ. ಅದರ ಹೆಸರು ಅಕಾಮೋನ್. ಜಪಾನಿ ಭಾಷೆಯಲ್ಲಿ ‘ಅಕಾ’ ಅಂದರೆ ಕೆಂಪು, ‘ಮೋನ್’ ಅಂದರೆ ಹೆಬ್ಬಾಗಿಲು. ಅದರ ಹಿಂದೆ ಇರುವುದು ಟೋಕಿಯೊ ವಿಶ್ವವಿದ್ಯಾಲಯ. ಆದರೆ ಬಾಗಿಲು ಕಟ್ಟಿದ್ದು ವಿಶ್ವವಿದ್ಯಾಲಯದವರಲ್ಲ. 1827ರಲ್ಲಿ ಮಾಯೆದಾ ಎಂಬ ಮನೆತನದವರು ತಮ್ಮ ಮನೆಗೆ ಬರುವ ಸೊಸೆಗಾಗಿ ಕಟ್ಟಿಸಿದ್ದು.

ನಾನು ಹೋದ ದಿನ ಬಾಗಿಲು ಮುಚ್ಚಿತ್ತು. ಬೆಳಗ್ಗೆ ಹತ್ತು ಗಂಟೆ ಇರಬೇಕು. ಒಬ್ಬ ಅಜ್ಜಿ ಮೊಮ್ಮಗನನ್ನು ಬಾಗಿಲ ಮುಂದೆ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. ಹುಡುಗ ಬಾಗಿಲ ಕಡೆ ಕೈ ತೋರಿಸಿ ಏನೋ ಕೇಳಿದ. ಅಜ್ಜಿ ತಲೆ ಅಲ್ಲಾಡಿಸಿದರು. ಒಳಗೆ ಹೋಗೋಣ ಅಂತಲೇ ಕೇಳಿದ್ದನೇನೋ ಅಂತ ನನಗನ್ನಿಸಿತು. ಬಾಗಿಲು ಕಂಡರೆ ಮಕ್ಕಳಿಗೆ ಬೇರೇನು ತೋಚುತ್ತದೆ ಹೇಳಿ?

2021ರ ಫೆಬ್ರವರಿಯಿಂದ ಈ ಬಾಗಿಲಲ್ಲಿ ಯಾರೂ ಓಡಾಡಿಲ್ಲ. ದೊಡ್ಡ ಭೂಕಂಪ ಬಂದರೆ ತಡೆಯುವಷ್ಟು ಶಕ್ತಿ ಇದಕ್ಕಿಲ್ಲ ಎಂದು ಪರೀಕ್ಷೆಯಲ್ಲಿ ಗೊತ್ತಾಗಿ ಮುಚ್ಚಿದರು. ಸುಮಾರು ಇನ್ನೂರು ವರ್ಷ ಬೆಂಕಿ, ಭೂಕಂಪ, ಯುದ್ಧ ಎಲ್ಲವನ್ನೂ ದಾಟಿ ಬಂದ ಬಾಗಿಲಿಗೆ ಬೀಗ ಬಿದ್ದಿದ್ದು ಒಂದು ವರದಿಯಿಂದ. ಇದು ಸರಿಯೋ ತಪ್ಪೋ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಒಂದು ಮನೆತನದ ಹೆಬ್ಬಾಗಿಲು ಇಷ್ಟು ಕಾಲ ಹೇಗೆ ಉಳಿಯಿತು, ಇವತ್ತು ಅದನ್ನು ಉಳಿಸುವುದು ಅಂದರೆ ಏನು ಮಾಡುವುದು ಎಂದು ನೋಡಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಸಿಕ್ಕಿಲ್ಲ.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು

ಮಾಯೆದಾ ಮನೆತನ ಕಾಗಾ ಸೀಮೆಯ ಒಡೆಯರು. ಈಗಿನ ಕಾನಾಜಾವಾ ನಗರ ಅವರ ರಾಜಧಾನಿ. ಆಗ ಜಪಾನಿನಲ್ಲಿ ಒಡೆಯರ ಅಂತಸ್ತನ್ನು ಅಕ್ಕಿಯಲ್ಲಿ ಅಳೆಯುತ್ತಿದ್ದರು. ಅಳತೆಯ ಹೆಸರು ಕೊಕು. ಒಂದು ಕೊಕು ಅಂದರೆ ಸುಮಾರು 180 ಲೀಟರ್ ಅಕ್ಕಿ, ಒಬ್ಬ ಮನುಷ್ಯನಿಗೆ ಹೆಚ್ಚುಕಡಿಮೆ ಒಂದು ವರ್ಷದ ಊಟ. ಮಾಯೆದಾ ಒಡೆಯರ ಸೀಮೆಯ ಲೆಕ್ಕ ಹತ್ತು ಲಕ್ಷ ಕೊಕುಗಿಂತ ಜಾಸ್ತಿ. ಶೋಗನ್ ಅಂದರೆ ಆಗ ಜಪಾನನ್ನು ಆಳುತ್ತಿದ್ದ ಸೇನಾಧಿಪತಿ. ಆ ಪಟ್ಟದಲ್ಲಿದ್ದ ತೊಕುಗಾವಾ ಮನೆತನವನ್ನು ಬಿಟ್ಟರೆ ಇಡೀ ದೇಶದಲ್ಲಿ ಇಷ್ಟು ದೊಡ್ಡ ಸೀಮೆ ಬೇರೆ ಯಾರದ್ದೂ ಇರಲಿಲ್ಲ.

ಇಷ್ಟು ದೊಡ್ಡವರಾದ್ದರಿಂದಲೇ ಶೋಗನ್‌ಗೆ ಅವರ ಮೇಲೆ ಒಂದು ಕಣ್ಣು. ಎಲ್ಲ ಒಡೆಯರೂ ಒಂದು ವರ್ಷ ತಮ್ಮ ಊರಲ್ಲಿ, ಒಂದು ವರ್ಷ ಶೋಗನ್ ಇರುವ ಎದೊದಲ್ಲಿ ಇರಬೇಕು ಎಂಬ ಕಟ್ಟಳೆ ಇತ್ತು. ಎದೊ ಅಂದರೆ ಈಗಿನ ಟೋಕಿಯೊ. ಒಡೆಯ ಊರಿಗೆ ಹೋದರೂ ಅವನ ಹೆಂಡತಿ, ದೊಡ್ಡ ಮಗ ಎದೊದಲ್ಲೇ ಇರಬೇಕು. ಒಂದು ರೀತಿಯ ಒತ್ತೆ. ಹಾಗಾಗಿ ಪ್ರತಿ ಒಡೆಯನಿಗೂ ಎದೊದಲ್ಲಿ ಮನೆ ಬೇಕಾಗಿತ್ತು. ಮಾಯೆದಾಗಳ ಮನೆ ಹೊಂಗೊದಲ್ಲಿ. ಮನೆ ಅಂದರೆ ಸುಮ್ನೆ ಒಂದು ಮನೆಯಲ್ಲ. ಸುಮಾರು 33 ಹೆಕ್ಟೇರ್ ಜಾಗ, ಅದರೊಳಗೆ ಅರಮನೆ, ಆಳುಕಾಳುಗಳ ಸಾಲುಮನೆ, ಕೆರೆ, ತೋಟ. ಸಾವಿರಾರು ಜನ ಒಳಗೇ ಬದುಕುತ್ತಿದ್ದರು. ಹೊರಗೆ ಹೋಗುವ ರಸ್ತೆ ನಕಾಸೆಂದೊ, ಎದೊದಿಂದ ಬೆಟ್ಟಸೀಮೆ ಹಾದು ಕ್ಯೋಟೊಗೆ ಹೋಗುವ ಹೆದ್ದಾರಿ. ಇವತ್ತಿನ ಹೊಂಗೊ ರಸ್ತೆ ಅದೇ. ಕಾಗಾ ಒಡೆಯರ ಮೆರವಣಿಗೆ ಸಾವಿರಾರು ಜನರೊಂದಿಗೆ ಹೊರಡುತ್ತಿದ್ದದ್ದೂ ಇದೇ ದಾರಿಯಲ್ಲಿ.

11ನೇ ಶೋಗನ್ ತೊಕುಗಾವಾ ಇಯೆನಾರಿಗೆ ಐವತ್ತಕ್ಕೂ ಹೆಚ್ಚು ಮಕ್ಕಳು. ಇಷ್ಟು ಮಕ್ಕಳಿಗೆ ಸಂಬಂಧ ಹುಡುಕುವುದು ಅಂದರೆ ಅದೇ ಒಂದು ರಾಜಕೀಯ. 21ನೇ ಮಗಳು ಯಾಸುಹಿಮೆಯನ್ನು ಕಾಗಾ ಒಡೆಯ ಮಾಯೆದಾ ನಾರಿಯಾಸುಗೆ ಕೊಡುವುದೆಂದು ತೀರ್ಮಾನವಾಯಿತು. 1827ರಲ್ಲಿ ಮದುವೆ. ಹುಡುಗಿ ಹುಟ್ಟಿದ್ದು 1813ರಲ್ಲಿ, ಅಂದರೆ ಹದಿನಾಲ್ಕರ ಆಸುಪಾಸು. ಹುಡುಗ ಅವಳಿಗಿಂತ ಎರಡು ವರ್ಷ ದೊಡ್ಡವನು.

ಶೋಗನ್ ಮಗಳು ಗಂಡನ ಮನೆಗೆ ಬಂದರೂ ಎಲ್ಲ ಸೊಸೆಯರ ಹಾಗೆ ಬರುವುದಿಲ್ಲ. ಅವಳಿಗೆ ಅದೇ ಆವರಣದಲ್ಲಿ ಬೇರೆ ಅರಮನೆ ಬೇಕು. ತವರಿನಿಂದ ಬಂದ ಹೆಂಗಸರ ದೊಡ್ಡ ಪರಿವಾರ ಅಲ್ಲಿರುತ್ತದೆ. ಆ ಅರಮನೆಗೆ ಬೇರೆ ಹೆಬ್ಬಾಗಿಲು ಬೇಕು. ಆ ಹೆಬ್ಬಾಗಿಲಿಗೆ ಕೆಂಪು ಬಳಿಯಬೇಕು. ಎದೊದ ಬೀದಿಯಲ್ಲಿ ಕೆಂಪು ಬಾಗಿಲು ಕಂಡರೆ ಸಾಕು, ಇದು ಶೋಗನ್ ಬೀಗರ ಮನೆ ಎಂದು ದಾರಿಹೋಕರಿಗೆ ತಿಳಿಯುತ್ತಿತ್ತು. ನಮ್ಮಲ್ಲಿ ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅನ್ನುತ್ತಾರಲ್ಲ, ಮಾಯೆದಾಗಳು ಎರಡನ್ನೂ ಒಟ್ಟಿಗೇ ಮಾಡಬೇಕಾಯಿತು.

ಇಲ್ಲಿ ಒಂದು ಸಣ್ಣ ಸೂಕ್ಷ್ಮ ಇದೆ. ಪಾರಂಪರಿಕ ಆಸ್ತಿಗಳ ಪಟ್ಟಿಯಲ್ಲಿ ಈ ಬಾಗಿಲಿನ ಹೆಸರು ‘ಹಳೆಯ ಕಾಗಾ ಮನೆಯ ಗೊಶುದೆನ್‌ಮೋನ್’. ಗೊಶುದೆನ್ ಎನ್ನುವುದು ತುಂಬ ಮೇಲಿನ ದರ್ಜೆಯ ಒಡೆಯನ ಕೈಹಿಡಿದ ಶೋಗನ್ ಮಗಳ ಅರಮನೆಗೆ ಇದ್ದ ಗೌರವದ ಹೆಸರು. ಮದುವೆಯ ಹೊತ್ತಿಗೆ ನಾರಿಯಾಸು ಆ ದರ್ಜೆ ಮುಟ್ಟಿರಲಿಲ್ಲ. ಹಾಗಾಗಿ ಸೊಸೆಯ ಅರಮನೆಗೆ ಮೊದಲು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಹೆಸರಿತ್ತು. ದೊಡ್ಡ ಹೆಸರು ಬಂದದ್ದು ಆಮೇಲೆ. ಮಗಳು ಶೋಗನ್‌ನವಳೇ ಆದರೂ ಬಾಗಿಲಿನ ಹೆಸರು ಗಂಡನ ದರ್ಜೆಗೆ ಕಾಯಬೇಕಾಯಿತು.

ಹತ್ತಿರ ನಿಂತು ನೋಡಿದಾಗ

ದೂರದಿಂದ ಕೆಂಪು ಮಾತ್ರ ಕಾಣುತ್ತದೆ. ಹತ್ತಿರ ಹೋದರೆ ಅದರ ರಚನೆ ತಿಳಿಯುತ್ತದೆ. ಮುಂದೆ ದಪ್ಪನೆಯ ಮುಖ್ಯ ಕಂಬಗಳು, ಹಿಂದೆ ಅವಕ್ಕೆ ಆಸರೆಯಾಗಿ ಸಣ್ಣ ಕಂಬಗಳು. ಎರಡು ಸಾಲಿನ ಮೇಲೂ ಸೇರಿ ಒಂದೇ ದೊಡ್ಡ ಹೆಂಚಿನ ಮಾಡು. ಆದರೆ ಮಾಡಿನ ನೆತ್ತಿ ನಡುಮಧ್ಯಕ್ಕೆ ಬರದೆ ಮುಂದಿನ ಕಂಬಗಳ ಕಡೆಗೆ ಸರಿದಿದೆ. ಈ ಬಗೆಯ ಬಾಗಿಲಿಗೆ ಜಪಾನಿನ ಬಡಗಿಗಳು ಯಾಕುಯಿಮೋನ್ ಎನ್ನುತ್ತಾರೆ. ನೆತ್ತಿ ಮುಂದೆ ಸರಿದಿರುವುದರಿಂದ ಬೀದಿಯಲ್ಲಿ ನಿಂತವನಿಗೆ ಬಾಗಿಲು ತನ್ನ ಕಡೆಗೆ ಎದೆಯುಬ್ಬಿಸಿ ನಿಂತ ಹಾಗೆ ಕಾಣುತ್ತದೆ. ಮಧ್ಯದಲ್ಲಿ ಎರಡು ಪಡಿಯ ದೊಡ್ಡ ಬಾಗಿಲು, ಎರಡು ಪಕ್ಕಕ್ಕೂ ಒಂದೊಂದು ದಿಡ್ಡಿ ಬಾಗಿಲು.

ಎಡಕ್ಕೊಂದು ಬಲಕ್ಕೊಂದು ಕಾವಲು ಮನೆ. ಅವುಗಳ ಮಾಡಿನ ಮುಂಭಾಗ ಬಿಲ್ಲಿನ ಹಾಗೆ ಬಾಗಿದೆ. ಮಧ್ಯದಲ್ಲಿ ಉಬ್ಬಿ, ತುದಿಗಳಲ್ಲಿ ಮೆಲ್ಲಗೆ ಇಳಿದು ಹೊರಗೆ ಚಾಚುತ್ತದೆ. ಎದೊದಲ್ಲಿ ಇಂಥ ಬಾಗಿದ ಮಾಡಿನ ಕಾವಲು ಮನೆಯನ್ನು ಯಾರು ಬೇಕಾದರೂ ಕಟ್ಟಿಸುವ ಹಾಗಿರಲಿಲ್ಲ. ಕಾವಲು ಮನೆ ಒಂದೋ ಎರಡೋ, ಮಾಡು ಯಾವ ಆಕಾರದ್ದು ಎನ್ನುವುದರಲ್ಲೇ ಒಡೆಯನ ದರ್ಜೆ ಬರೆದಿರುತ್ತಿತ್ತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಗೋಡೆ. ಕಪ್ಪು ಚಪ್ಪಟೆ ಹೆಂಚನ್ನು ಗೋಡೆಗೆ ಕೂರಿಸಿ, ಸಂದುಗಳ ಮೇಲೆ ಬಿಳಿ ಸುಣ್ಣದ ಗಾರೆಯನ್ನು ದಪ್ಪವಾಗಿ, ದುಂಡಗೆ ಎಬ್ಬಿಸಿ ಮೆತ್ತಿದ್ದಾರೆ. ಕಪ್ಪಿನ ಮೇಲೆ ಬಿಳಿ ಹಗ್ಗ ಹೊಸೆದು ಇಟ್ಟ ಹಾಗಿದೆ. ಜಪಾನಿಗರಿಗೆ ಆ ಗಾರೆಯ ಉಬ್ಬು ಸಮುದ್ರದ ನಮಾಕೊ ಎಂಬ ಉದ್ದುದ್ದ ಜೀವಿಯಂತೆ ಕಂಡಿತಂತೆ. ಹಾಗಾಗಿ ಅದು ನಮಾಕೊ ಗೋಡೆ. ಚಂದಕ್ಕಷ್ಟೇ ಮಾಡಿದ್ದಲ್ಲ. ಮಳೆ ನೀರು ಒಳಗಿಳಿಯದ ಹಾಗೆ, ಬೆಂಕಿಯ ಕಿಡಿ ತಾಗಿದರೂ ಮರಕ್ಕೆ ಹತ್ತದ ಹಾಗೆ ಮಾಡಿದ ಉಪಾಯ.

ಇನ್ನು ತಲೆ ಎತ್ತಿ ಹೆಂಚು ನೋಡಬೇಕು. ಸೂರಿನಂಚಿನ ದುಂಡು ಹೆಂಚುಗಳ ಮೇಲೆ ಪ್ಲಮ್ ಹೂವಿನ ಗುರುತು. ನಡುವೆ ಒಂದು ಬೊಟ್ಟು, ಸುತ್ತ ಐದು ದುಂಡು ಎಸಳು. ಇದು ಮಾಯೆದಾ ಮನೆತನದ್ದು. ಮೇಲೆ ನೆತ್ತಿಯಲ್ಲಿ ಮೂರು ಎಲೆಯ ಗುರುತು, ತೊಕುಗಾವಾ ಮನೆತನದ್ದು. ಸೊಸೆಯ ತವರು ನೆತ್ತಿಯ ಮೇಲೆ, ಗಂಡನ ಮನೆ ಅಂಚಿನಲ್ಲಿ! ಆಮೇಲೆ ಸೇರಿಕೊಂಡ ಮೂರನೇ ಗುರುತೂ ಇದೆ, ‘ಕಲಿಕೆ’ ಎನ್ನುವ ಅರ್ಥದ ಜಪಾನಿ ಅಕ್ಷರ. ಅದು ವಿಶ್ವವಿದ್ಯಾಲಯದ್ದು. ಒಂದೇ ಮಾಡಿನ ಮೇಲೆ ಮೂವರು ಯಜಮಾನರು. ಹೊಸಬರು ಬಂದಾಗ ಹಳಬರ ಗುರುತನ್ನು ಕಿತ್ತು ಹಾಕಲಿಲ್ಲ ಎನ್ನುವುದನ್ನು ಗಮನಿಸಿ. ಈ ಬಾಗಿಲಿನ ಇತಿಹಾಸ ಓದಲು ಪುಸ್ತಕವೇ ಬೇಕಿಲ್ಲ, ಕತ್ತು ನೋಯುವವರೆಗೆ ಮೇಲೆ ನೋಡಿದರೆ ಸಾಕು.

ಬೆಂಕಿಯ ಊರಲ್ಲಿ ಮರದ ಬಾಗಿಲು

ಎದೊ ಬೆಂಕಿಗೆ ಹೆಸರಾದ ಊರು. ಮರದ ಮನೆ, ಕಾಗದದ ಬಾಗಿಲು, ಚಳಿಗಾಲದ ಒಣಗಾಳಿ. 1657ರ ಬೆಂಕಿಯಲ್ಲಿ ಊರಿನ ಬಹುಪಾಲು ಸುಟ್ಟುಹೋಗಿತ್ತು. ಹೊಂಗೊದ ಮಾಯೆದಾ ಮನೆಗೂ ಒಂದಲ್ಲ ಹಲವು ಸಲ ಬೆಂಕಿ ಬಿತ್ತು. 1702ರಲ್ಲಿ ಶೋಗನ್ ತ್ಸುನಾಯೋಶಿ ಮನೆಗೆ ಬರುತ್ತಾನೆಂದು ಹೊಸ ಅರಮನೆಯನ್ನೇ ಕಟ್ಟಿಸಿದ್ದರು. ಮರುವರ್ಷವೇ ಅದು ಬೂದಿಯಾಯಿತು.

ಹಾಗಾಗಿ ಮಾಯೆದಾಗಳು ತಮ್ಮದೇ ಬೆಂಕಿ ಆರಿಸುವ ಪಡೆ ಇಟ್ಟಿದ್ದರು. ಕಾಗಾ-ತೊಬಿ ಎಂದು ಅದಕ್ಕೆ ಹೆಸರು. ಎತ್ತರದ ಆಳುಗಳು, ಕಣ್ಣಿಗೆ ಹೊಡೆಯುವ ಉಡುಪು. ಅವರು ಹೊರಟರೆ ಎದೊದ ಜನ ನಿಂತು ನೋಡುತ್ತಿದ್ದರು. ಶೋಗನ್ ಮಗಳ ಕೆಂಪು ಬಾಗಿಲು ಒಮ್ಮೆ ಸುಟ್ಟರೆ ಮತ್ತೆ ಕಟ್ಟುವ ಹಾಗಿಲ್ಲ ಎಂಬ ರೂಢಿ ಇತ್ತೆಂದೂ, ಅದಕ್ಕೇ ಈ ಪಡೆ ಬಾಗಿಲನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿತ್ತೆಂದೂ ಹೇಳುತ್ತಾರೆ. 1855ರ ದೊಡ್ಡ ಭೂಕಂಪದಲ್ಲೂ ಬಾಗಿಲು ಉಳಿಯಿತು.

1868 ಬಂತು. ಶೋಗನ್ ಆಳ್ವಿಕೆ ಮುಗಿಯಿತು. ಯಾಸುಹಿಮೆ ಎದೊ ಬಿಟ್ಟು ಗಂಡನ ಊರು ಕಾನಾಜಾವಾಕ್ಕೆ ಹೋದಳು. ಅಲ್ಲೇ, ಅದೇ ವರ್ಷ ತೀರಿಕೊಂಡಳು. ತವರು ಬಿದ್ದ ವರ್ಷವೇ ಮಗಳೂ ಹೋದಳು. ಅದೇ ವರ್ಷ ಹೊಂಗೊದ ಮನೆಗೆ ಬೆಂಕಿ ಬಿದ್ದು ಬಹುಭಾಗ ಸುಟ್ಟಿತು. ಯಾರಿಗಾಗಿ ಕಟ್ಟಿದ್ದರೋ ಅವಳಿಲ್ಲ, ಹಿಂದಿನ ಅರಮನೆಯಿಲ್ಲ, ನೆತ್ತಿಯ ಮೇಲಿನ ಗುರುತಿನ ಅಧಿಕಾರವೂ ಇಲ್ಲ. ಬಾಗಿಲು ಮಾತ್ರ ಬೀದಿಗೆ ಮುಖ ಮಾಡಿ ನಿಂತಿತ್ತು.

ಇಂಥ ಹೊತ್ತಿನಲ್ಲಿ ಹಳೆಯ ಕಟ್ಟಡಗಳು ಸಾಮಾನ್ಯವಾಗಿ ಸೌದೆಯಾಗುತ್ತವೆ. ಎದೊದ ಒಡೆಯರ ನೂರಾರು ಹೆಬ್ಬಾಗಿಲುಗಳಿಗೆ ಆಗಿದ್ದೂ ಅದೇ. 1871ರಲ್ಲಿ ಒಡೆಯರ ಸೀಮೆಗಳನ್ನೇ ರದ್ದು ಮಾಡಿದರು. ಹೊಂಗೊದ ಜಾಗದಲ್ಲಿ ಹೆಚ್ಚಿನ ಪಾಲು ಹೊಸ ಸರ್ಕಾರದ ಶಿಕ್ಷಣ ಇಲಾಖೆಗೆ ಹೋಯಿತು. 1876ರಲ್ಲಿ ವೈದ್ಯಕೀಯ ಶಾಲೆ ಇಲ್ಲಿಗೆ ಬಂತು. 1877ರಲ್ಲಿ ಟೋಕಿಯೊ ವಿಶ್ವವಿದ್ಯಾಲಯ ಶುರುವಾಯಿತು. ಹೊಸ ವಿಶ್ವವಿದ್ಯಾಲಯಕ್ಕೆ ಬೀದಿಯಿಂದ ಒಳಗೆ ಬರಲು ಒಂದು ಬಾಗಿಲು ಬೇಕಿತ್ತು, ಎದುರಿಗೇ ಒಂದು ಇತ್ತು, ಬಳಸಿದರು.

ಈ ಪ್ರಕರಣದ ತಿರುವು ಇದೇ ಎಂದು ನನ್ನ ಅಭಿಪ್ರಾಯ. ಬಾಗಿಲನ್ನು ಉಳಿಸಬೇಕು ಎಂದು ಯಾವ ಕಾನೂನೂ ಆಗ ಹೇಳಿರಲಿಲ್ಲ. ದಿನಾ ಬೆಳಗ್ಗೆ ಹುಡುಗರು ಅದರೊಳಗಿಂದ ಬರುತ್ತಿದ್ದರು, ಸಂಜೆ ಹೋಗುತ್ತಿದ್ದರು. ಹೆಂಚು ಜಾರಿದರೆ ಯಾರಾದರೂ ನೋಡುತ್ತಿದ್ದರು. ಮಳೆ ನೀರು ಸೋರಿದರೆ ಯಾರಾದರೂ ಹೇಳುತ್ತಿದ್ದರು. ಜನ ಓಡಾಡುವ ಮನೆ ಬೇಗ ಹಾಳಾಗುವುದಿಲ್ಲ, ಬೀಗ ಹಾಕಿದ ಮನೆ ಎರಡೇ ಮಳೆಗಾಲಕ್ಕೆ ಕುಸಿಯುತ್ತದೆ ಎಂಬುದು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಅಲ್ವಾ?

15 ಮೀಟರ್

1903ರಲ್ಲಿ ಬಾಗಿಲಿಗೆ ಮೊದಲ ಕಂಟಕ ಒಳಗಿನಿಂದಲೇ ಬಂತು. ವೈದ್ಯಕೀಯ ವಿಭಾಗಕ್ಕೆ ಹೊಸ ಕಟ್ಟಡ ಬೇಕಿತ್ತು. ಬಾಗಿಲು ಅಡ್ಡ ಬಂತು. ಆಗ ಜಪಾನಿನಲ್ಲಿ ಹಳೆಯ ಕಟ್ಟಡಗಳ ಕಾನೂನು ಇರಲಿಲ್ಲವೆಂದಲ್ಲ, 1897ರಲ್ಲೇ ಬಂದಿತ್ತು. ಆದರೆ ಅದು ದೇವಸ್ಥಾನಗಳಿಗೆ, ಬೌದ್ಧ ಮಂದಿರಗಳಿಗೆ ಮಾತ್ರ. ಒಡೆಯರ ಮನೆ, ಕೋಟೆ, ಹೆಬ್ಬಾಗಿಲು ಯಾವುದೂ ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಒಡೆದು ಹಾಕಿದ್ದರೂ ಕೇಳುವವರಿರಲಿಲ್ಲ. ಅವರು ಬಾಗಿಲನ್ನು ಸುಮಾರು 15 ಮೀಟರ್ ಪಶ್ಚಿಮಕ್ಕೆ, ಅಂದರೆ ರಸ್ತೆಯ ಕಡೆಗೆ ಸರಿಸಿದರು.

ಜಾಗ ಬದಲಿಸಿದರೆ ಅದು ಹಳೆಯ ಬಾಗಿಲು ಹೇಗಾದೀತು ಎಂದು ಪಟ್ಟು ಹಿಡಿಯುವವರು ಇದ್ದಾರೆ. ನಾನು ಅವರ ಜೊತೆ ಇಲ್ಲ. 15 ಮೀಟರ್ ಸರಿದರೂ ಅದೇ ಆವರಣ, ಅದೇ ಬೀದಿ, ಅದೇ ದಿಕ್ಕಿಗೆ ಮುಖ. ಕಟ್ಟಡ ಬೇಕೆನ್ನುವವರಿಗೂ ಜಾಗ ಸಿಕ್ಕಿತು, ಬಾಗಿಲೂ ಉಳಿಯಿತು. ನಿಜವಾಗಿ ಕಳೆದುಕೊಂಡದ್ದು ಬಾಗಿಲಿನ ಮುಂದಿದ್ದ ಅಂಗಳ. ಮೊದಲು ರಸ್ತೆಯಿಂದ ಹಿಂದೆ ಸರಿದು ಗತ್ತಿನಿಂದ ನಿಂತಿದ್ದದ್ದು ಈಗ ಫುಟ್‌ಪಾತಿಗೆ ಹತ್ತಿರವಾಗಿದೆ. ಪೂರ್ತಿ ಬಾಗಿಲು ಫೋಟೊದಲ್ಲಿ ಬರಬೇಕಾದರೆ ಹಿಂದೆ ಹಿಂದೆ ಹೋಗುತ್ತಲೇ ಇರಬೇಕು.

1912ರಲ್ಲಿ ವಾಸ್ತುಶಿಲ್ಪಿ ಇತೊ ಚೂತಾ ಅವರ ವಿನ್ಯಾಸದಲ್ಲಿ ವಿಶ್ವವಿದ್ಯಾಲಯಕ್ಕೆ ಹೊಸ ಮುಖ್ಯದ್ವಾರ ಆಯಿತು. ಕಾಗದದ ಮೇಲೆ ಅದೇ ಮುಖ್ಯ. ಆದರೆ ಜನರ ಬಾಯಲ್ಲಿ ಇವತ್ತಿಗೂ ಅಕಾಮೋನ್ ಅಂದರೇ ಟೋಕಿಯೊ ವಿಶ್ವವಿದ್ಯಾಲಯ. ಪ್ರವೇಶ ಪರೀಕ್ಷೆ ಪಾಸಾದವರು ಫೋಟೊ ತೆಗೆಸಿಕೊಳ್ಳುವುದು ಈ ಕೆಂಪು ಬಾಗಿಲ ಮುಂದೆ.

1923ರ ಸೆಪ್ಟೆಂಬರ್ 1ರ ಭೂಕಂಪದಲ್ಲಿ ಇದೇ ಕ್ಯಾಂಪಸ್ಸಿನ ಗ್ರಂಥಾಲಯ ಸುಟ್ಟು ಲಕ್ಷಾಂತರ ಪುಸ್ತಕ ಬೂದಿಯಾದವು. ಬಾಗಿಲು ಉಳಿಯಿತು. 1929ರಲ್ಲಿ ಹೊಸ ಕಾನೂನು ಬಂದು ಮನೆ, ಕೋಟೆಗಳಿಗೂ ರಕ್ಷಣೆ ಸಿಗುವಂತಾಯಿತು. 1931ರಲ್ಲಿ ಅಕಾಮೋನ್ ರಾಷ್ಟ್ರೀಯ ಸಂಪತ್ತುಗಳ ಪಟ್ಟಿ ಸೇರಿತು. 1945ರ ಬಾಂಬ್ ದಾಳಿಯಲ್ಲಿ ಟೋಕಿಯೊ ಉರಿದಾಗಲೂ ಉಳಿಯಿತು. 1949ರ ಜನವರಿಯಲ್ಲಿ ನಾರಾ ಬಳಿಯ ಹೊರ್ಯೂಜಿ ಮಂದಿರದ ಮುಖ್ಯ ಸಭಾಭವನಕ್ಕೆ ಬೆಂಕಿ ಬಿದ್ದು ಗೋಡೆಚಿತ್ರಗಳು ಹಾಳಾದವು. ದೇಶವೇ ನೊಂದುಕೊಂಡಿತು. ಮುಂದಿನ ವರ್ಷವೇ ಸಾಂಸ್ಕೃತಿಕ ಆಸ್ತಿಗಳ ರಕ್ಷಣಾ ಕಾನೂನು ಬಂತು. ಅಕಾಮೋನ್ ಆ ಕಾನೂನಿನಡಿ ‘ಮಹತ್ವದ ಸಾಂಸ್ಕೃತಿಕ ಆಸ್ತಿ’ ಆಯಿತು. ಈಗಲೂ ಅದೇ ದರ್ಜೆ.

ಮಾಯೆದಾಗಳ ವಿಷಯ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಹೊಂಗೊದ ಒಂದು ಮೂಲೆಯಲ್ಲಿ ಅವರು ಬಹಳ ಕಾಲ ಇದ್ದರು. ಆಮೇಲೆ ಆ ಜಾಗವನ್ನೂ ವಿಶ್ವವಿದ್ಯಾಲಯಕ್ಕೆ ಬಿಟ್ಟು, ಬದಲಿಗೆ ಕೊಮಾಬಾದಲ್ಲಿ ಜಾಗ ಪಡೆದರು. ಅಲ್ಲಿ 1929ರಲ್ಲಿ ಅವರು ಕಟ್ಟಿಸಿದ ದೊಡ್ಡ ಬಂಗಲೆಯೂ ಇವತ್ತು ಮಹತ್ವದ ಸಾಂಸ್ಕೃತಿಕ ಆಸ್ತಿಯೇ. ಹೊಂಗೊದಲ್ಲಿ ಅವರ ಕಾಲದ್ದು ಎಂದು ಉಳಿದದ್ದು ತೋಟದ ಕೆರೆ ಮತ್ತು ಈ ಬಾಗಿಲು.

ಕಪ್ಪು ಬಾಗಿಲಿನ ದಾರಿ

ಹೋಲಿಸಿ ನೋಡಲು ಟೋಕಿಯೊದಲ್ಲೇ ಇನ್ನೊಂದು ಬಾಗಿಲಿದೆ, ಉಏನೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಆವರಣದಲ್ಲಿ. ತೊತ್ತೊರಿ ಸೀಮೆಯ ಇಕೆದಾ ಮನೆತನದ ಹೆಬ್ಬಾಗಿಲು. ಬಣ್ಣ ಕಪ್ಪು, ಹೆಸರು ಕುರೊಮೋನ್. ಕೆಂಪು ಬಾಗಿಲಿಗೆ ಜೋಡಿ ಎಂದೇ ಜನ ಹೇಳುತ್ತಾರೆ. ಎರಡು ಪಕ್ಕಕ್ಕೂ ಬಾಗಿದ ಮಾಡಿನ ಕಾವಲು ಮನೆ ಅದಕ್ಕೂ ಇವೆ. ಅದು ಮೊದಲು ಇದ್ದದ್ದು ಮಾರುನೌಚಿಯಲ್ಲಿ, ಶೋಗನ್ ಕೋಟೆಯ ಬಳಿ. 1892ರಲ್ಲಿ ತಾಕಾನಾವಾಕ್ಕೆ ಒಯ್ದು ಯುವರಾಜನ ಅರಮನೆಯ ಬಾಗಿಲು ಮಾಡಿದರು. 1954ರಲ್ಲಿ ಮತ್ತೆ ಅಲ್ಲಿಂದ ತಂದು ಉಏನೊದಲ್ಲಿ ನಿಲ್ಲಿಸಿದರು.

ಎರಡು ಸಲ ಜಾಗ ಬದಲಿಸಿದರೂ ಮರ, ಹೆಂಚು, ಕೆತ್ತನೆ ಎಲ್ಲ ಉಳಿದಿವೆ. ಜಪಾನಿನ ಮರದ ಕಟ್ಟಡ ಇಂಥದ್ದಕ್ಕೆ ಒಗ್ಗುತ್ತದೆ. ಕಂಬ, ತೊಲೆಗಳನ್ನು ಕೊರೆದು ಒಂದಕ್ಕೊಂದು ಸೇರಿಸಿ ಬೆಣೆ ಹೊಡೆದು ಬಿಗಿ ಮಾಡಿರುತ್ತಾರೆ. ಬೆಣೆ ತೆಗೆದರೆ ಬಿಚ್ಚಬಹುದು, ಇನ್ನೊಂದು ಕಡೆ ಕೂಡಿಸಬಹುದು. ಆದರೆ ಕುರೊಮೋನ್ ಮುಂದೆ ನಿಂತಾಗ ನನಗೆ ಏನೋ ಕೊರತೆ ಕಂಡಿತು. ಅದು ತುಂಬ ಚಂದದ ಬಾಗಿಲು, ಅಕಾಮೋನ್‌ಗಿಂತ ಗಟ್ಟಿಮುಟ್ಟಾಗಿಯೂ ಕಾಣುತ್ತದೆ. ವಾರದ ಕೊನೆಯಲ್ಲಿ, ರಜಾ ದಿನಗಳಲ್ಲಿ ತೆರೆದು ಜನರನ್ನು ಬಿಡುತ್ತಾರೆ. ಆದರೆ ಅದರೊಳಗೆ ಹೋಗಿ ಯಾರೂ ಎಲ್ಲಿಗೂ ಮುಟ್ಟಬೇಕಿಲ್ಲ. ಜನ ಅದನ್ನು ನೋಡಿ ಮುಂದೆ ಹೋಗುತ್ತಾರೆ.

ಬೀಗ ಹಾಕಿದ್ದು ಯಾಕೆ

ಈಗ 2021ಕ್ಕೆ ಬರೋಣ. ಇಷ್ಟು ಭೂಕಂಪ ದಾಟಿದ ಬಾಗಿಲು ಮುಂದಿನದ್ದನ್ನೂ ದಾಟುತ್ತದೆ ಎಂದು ನಂಬಿ ಬಿಟ್ಟುಬಿಡಬಹುದಿತ್ತಲ್ಲ ಎಂದು ನಾನೂ ಮೊದಲು ಯೋಚಿಸಿದ್ದೆ. ಓದುತ್ತಾ ಹೋದ ಮೇಲೆ ಮನಸ್ಸು ಬದಲಾಯಿತು.

ಹೆಬ್ಬಾಗಿಲು ಎನ್ನುವುದು ಕಟ್ಟಡದ ಲೆಕ್ಕದಲ್ಲಿ ಒಂದು ವಿಚಿತ್ರ ವಸ್ತು. ಮನೆಗೆ ನಾಲ್ಕು ಸುತ್ತಲೂ ಗೋಡೆ ಇರುತ್ತದೆ. ನೆಲ ಅಲುಗಾಡಿದಾಗ ಆ ಗೋಡೆಗಳು ಕಂಬವನ್ನು ಹಿಡಿದುಕೊಳ್ಳುತ್ತವೆ. ಬಾಗಿಲಿಗೆ ಮಧ್ಯದಲ್ಲಿ ಗೋಡೆ ಇಡುವ ಹಾಗಿಲ್ಲ, ಜನ ಹೋಗಬೇಕಲ್ಲ. ಮೇಲೆ ನೋಡಿದರೆ ಟನ್‌ಗಟ್ಟಲೆ ಹೆಂಚು, ಮಣ್ಣು, ತೊಲೆ. ಆ ಭಾರವನ್ನೆಲ್ಲ ಕೆಲವೇ ಕಂಬಗಳು ಹೊತ್ತಿವೆ. ಆ ಕಂಬಗಳೂ ನೆಲದೊಳಗೆ ಹೂತಿಲ್ಲ, ಕಲ್ಲಿನ ಮೇಲೆ ಕೂತಿವೆ. ತಲೆ ಭಾರ, ಕಾಲು ತೆಳು. ಬೆಣೆ ಬಿಗಿಯಾಗಿರುವ ತನಕ, ಮರ ಗಟ್ಟಿಯಿರುವ ತನಕ ಅದು ಓಲಾಡಿ ಮತ್ತೆ ನೆಟ್ಟಗಾಗುತ್ತದೆ. ಕಂಬದ ಬುಡ ಮೆತ್ತಗಾಗಿದ್ದರೆ, ಬೆಣೆ ಸಡಿಲವಾಗಿದ್ದರೆ ಒಂದೇ ಸಲಕ್ಕೆ ಕೂರುತ್ತದೆ.

ಹಾಗೆ ಕೂತದ್ದು ಉಂಟು. 1995ರ ಕೋಬೆ ಭೂಕಂಪದಲ್ಲಿ ಹಳೆಯ ವಿದೇಶಿಯರ ಬೀದಿಯ 15ನೇ ನಂಬರಿನ ಮನೆ, ಅದೂ ಮಹತ್ವದ ಸಾಂಸ್ಕೃತಿಕ ಆಸ್ತಿಯೇ, ಪೂರ್ತಿ ನೆಲಸಮವಾಯಿತು. ಆಮೇಲೆ ಸಾಂಸ್ಕೃತಿಕ ವ್ಯವಹಾರಗಳ ಇಲಾಖೆ ಪಾರಂಪರಿಕ ಕಟ್ಟಡಗಳ ಭೂಕಂಪ ಸುರಕ್ಷತೆಗೆ ಮಾರ್ಗಸೂಚಿ ಹೊರಡಿಸಿತು. ಅಲ್ಲಿಯ ತನಕ ಕಟ್ಟಡ ಹಳೆಯ ರೂಪದಲ್ಲಿ ಉಳಿದರೆ ಸಾಕು ಎಂದಿದ್ದವರು, ಒಳಗಿರುವ ಜನರ ಜೀವವೂ ಲೆಕ್ಕಕ್ಕೆ ಬರಬೇಕು ಎಂದು ಒಪ್ಪಿಕೊಂಡರು. 2016ರ ಏಪ್ರಿಲ್‌ನಲ್ಲಿ ಕುಮಾಮೊತೊ ಭೂಕಂಪ ಬಂತು. ಆಸೊ ದೇವಸ್ಥಾನದ ಎರಡಂತಸ್ತಿನ ಹೆಬ್ಬಾಗಿಲು, 1850ರಲ್ಲಿ ಕಟ್ಟಿದ್ದು, ಕುಸಿಯಿತು. ಆ ಚಿತ್ರ ಮರೆಯುವ ಹಾಗಿಲ್ಲ. ಕಂಬಗಳು ಮಡಚಿಹೋಗಿ, ದೊಡ್ಡ ಮಾಡು ಹಾಗೇ ನೆಲದ ಮೇಲೆ ಕೂತಿತ್ತು, ಯಾರೋ ಟೋಪಿ ತೆಗೆದು ಕೆಳಗಿಟ್ಟ ಹಾಗೆ. ಭೂಕಂಪ ಆಗಿದ್ದು ನಡುರಾತ್ರಿ. ಹಗಲಾಗಿ, ಜನ ಕೆಳಗಿದ್ದಿದ್ದರೆ?

ಅಕಾಮೋನ್ ಕೆಳಗೆ ಹಗಲು ಹೊತ್ತಿನಲ್ಲಿ ಯಾವಾಗಲೂ ಜನ ಇರುತ್ತಿದ್ದರು. ವಿದ್ಯಾರ್ಥಿಗಳು, ಪ್ರವಾಸಿಗರು, ಮಳೆ ಬಂದಾಗ ಸೂರಿನಡಿ ನಿಲ್ಲುವವರು. ಪರೀಕ್ಷೆಯಲ್ಲಿ ಶಕ್ತಿ ಸಾಲದು ಎಂದು ಗೊತ್ತಾದ ಮೇಲೂ ತೆರೆದಿಟ್ಟಿದ್ದರೆ ಅದು ಅಪರಾಧವೇ ಆಗುತ್ತಿತ್ತು. ಮುಚ್ಚಿದ್ದು ಸರಿ. ಇದನ್ನು ಮನಸ್ಸು ಗಟ್ಟಿ ಮಾಡಿಕೊಂಡೇ ಬರೆಯುತ್ತಿದ್ದೇನೆ, ಯಾಕೆಂದರೆ ಮುಚ್ಚಿದ ಬಾಗಿಲ ಮುಂದೆ ನಿಂತಾಗ ಆದ ಬೇಸರ ಇನ್ನೂ ಹೋಗಿಲ್ಲ.

ಮತ್ತೆ ತೆರೆಯುವುದು ಹೇಗೆ

ಜಪಾನಿನಲ್ಲಿ ಇಂಥ ರಿಪೇರಿಗೆ ಒಂದು ಗಟ್ಟಿ ಪರಂಪರೆ ಇದೆ. ಬೇಕಾದರೆ ಕಟ್ಟಡವನ್ನು ಪೂರ್ತಿ ಬಿಚ್ಚುತ್ತಾರೆ. ಪ್ರತಿ ತುಂಡಿಗೂ ಗುರುತು ಹಾಕುತ್ತಾರೆ. ಕಂಬದ ಬುಡ ಮಾತ್ರ ಕೊಳೆತಿದ್ದರೆ ಕಂಬವನ್ನೇ ಎಸೆಯುವುದಿಲ್ಲ, ಕೊಳೆತಷ್ಟು ಕತ್ತರಿಸಿ ಅದೇ ಜಾತಿಯ ಹೊಸ ಮರವನ್ನು ಕೊರೆದು ಜೋಡಿಸುತ್ತಾರೆ. ಹೀಗೆ ಹೊಸದಾಗಿ ಹಾಕಿದ ಮರದ ಮೇಲೆ, ಹೊರಗೆ ಕಾಣದ ಕಡೆ, ರಿಪೇರಿಯ ವರ್ಷವನ್ನು ಮುದ್ರೆ ಒತ್ತುತ್ತಾರೆ. ಮುಂದೆ ಬರುವ ಬಡಗಿಗೆ ಯಾವುದು ಮೂಲ, ಯಾವುದು ಆಮೇಲಿನದ್ದು ಎಂದು ತಿಳಿಯಬೇಕು, ಅದಕ್ಕೆ. ಭೂಕಂಪಕ್ಕಾಗಿ ಬೇಕಾದ ಉಕ್ಕಿನ ಆಸರೆಯನ್ನು ಆದಷ್ಟು ಕಣ್ಣಿಗೆ ಬೀಳದ ಹಾಗೆ, ಬೇಡವಾದಾಗ ತೆಗೆಯಲು ಬರುವ ಹಾಗೆ ಕೂರಿಸುತ್ತಾರೆ. ಆಸೊದ ಹೆಬ್ಬಾಗಿಲು ಕುಸಿದ ಮೇಲೂ ಹಳೆಯ ಮರದಲ್ಲಿ ಬಹುಪಾಲನ್ನು ಹೆಕ್ಕಿ, ಸರಿಮಾಡಿ, ಮತ್ತೆ ಅದೇ ಜಾಗದಲ್ಲಿ ಎಬ್ಬಿಸಿ ನಿಲ್ಲಿಸಿದರು. 2023ರ ಡಿಸೆಂಬರ್‌ನಲ್ಲಿ ಮುಗಿಯಿತು. ಏಳು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ಅಕಾಮೋನ್‌ಗೆ ಕುಸಿಯುವ ಮೊದಲೇ ಕೈ ಹಾಕುವ ಅವಕಾಶ ಇದೆ. ಅದು ದೊಡ್ಡ ಭಾಗ್ಯ. ವಿಶ್ವವಿದ್ಯಾಲಯ ಇದಕ್ಕಾಗಿ ಜನರಿಂದ ದೇಣಿಗೆ ಸಂಗ್ರಹಕ್ಕೆ ಇಳಿಯಿತು. ಯೋಜನೆಗೆ ಇಟ್ಟ ಹೆಸರು ‘ಹಿರಾಕೆ! ಅಕಾಮೋನ್’. ‘ತೆರೆ, ಕೆಂಪು ಬಾಗಿಲೇ!’ ಎಂದು. ಅಲಿಬಾಬಾ ಕತೆಯ ಗುಹೆಯ ಮುಂದೆ ಹೇಳುವ ಮಂತ್ರವೂ ಜಪಾನಿ ಭಾಷೆಯಲ್ಲಿ ‘ಹಿರಾಕೆ’ ಎಂದೇ ಶುರುವಾಗುತ್ತದೆ. ನನಗೆ ಈ ಹೆಸರು ತುಂಬ ಹಿಡಿಸಿತು. ‘ಉಳಿಸಿ’ ಎನ್ನಲಿಲ್ಲ, ‘ಕಾಪಾಡಿ’ ಎನ್ನಲಿಲ್ಲ, ‘ತೆರೆ’ ಎಂದರು. ರಿಪೇರಿಯ ಗುರಿ ಏನು ಎನ್ನುವುದು ಆ ಒಂದು ಮಾತಿನಲ್ಲೇ ಇದೆ.

ಯಾಕೆಂದರೆ ಸುಲಭದ ದಾರಿ ಇನ್ನೊಂದಿತ್ತು. ಬಾಗಿಲಿನ ಸುತ್ತ ಒಂದು ಬೇಲಿ ಹಾಕಿ, ವಿವರದ ಫಲಕ ನಿಲ್ಲಿಸಿ, ಓಡಾಡಲು ಪಕ್ಕದಲ್ಲಿ ಬೇರೆ ದಾರಿ ಮಾಡಿದ್ದರೆ ಕಾನೂನಿಗೂ ತೊಂದರೆಯಿಲ್ಲ, ಖರ್ಚೂ ಕಮ್ಮಿ. ಎಷ್ಟೋ ಊರುಗಳಲ್ಲಿ ಹಳೆಯ ಬಾಗಿಲುಗಳಿಗೆ ಹೀಗೇ ಮಾಡುತ್ತಾರೆ. ಹಾಗಾದಾಗ ಅದನ್ನು ದಿನಾ ಕಾಣುವ ಕಣ್ಣುಗಳು ಕಮ್ಮಿಯಾಗುತ್ತವೆ. ಜಾರಿದ ಹೆಂಚು, ಸೋರುವ ಸೂರು ಅಧಿಕಾರಿಯ ವಾರ್ಷಿಕ ಭೇಟಿಗೆ ಕಾಯಬೇಕಾಗುತ್ತದೆ. ಅಕಾಮೋನ್ 1868ರಿಂದ 1931ರವರೆಗೆ, ಯಾವ ಕಾನೂನಿನ ಬೆಂಬಲವೂ ಇಲ್ಲದ ಆ ಅರವತ್ತಮೂರು ವರ್ಷ, ಬರೀ ಓಡಾಟದ ಬಲದಲ್ಲಿ ಉಳಿದ ಬಾಗಿಲು. ಅದಕ್ಕೆ ಓಡಾಟವನ್ನು ಮರಳಿ ಕೊಡುವುದನ್ನೇ ರಿಪೇರಿಯ ಮೊದಲ ಅಂಶ ಎಂದು ನಾನು ಎಣಿಸುತ್ತೇನೆ. ಬಣ್ಣ, ಹೆಂಚು, ಉಕ್ಕು ಎಲ್ಲ ಅದರ ಆಮೇಲೆ.

2027ಕ್ಕೆ ಬಾಗಿಲಿಗೆ 200 ವರ್ಷ, ವಿಶ್ವವಿದ್ಯಾಲಯಕ್ಕೆ 150. ಅವತ್ತು ಅಜ್ಜಿ ಹುಡುಗನ ಕೈ ಹಿಡಿದು ಪಕ್ಕದ ದಾರಿಯತ್ತ ಹೊರಟಾಗ ಅವನು ತಿರುಗಿ ತಿರುಗಿ ದಿಡ್ಡಿ ಬಾಗಿಲನ್ನೇ ನೋಡುತ್ತಿದ್ದ. ಅವನ ಎತ್ತರಕ್ಕೆ ಅದು ಸರಿಯಾಗಿತ್ತು, ಬಗ್ಗಬೇಕಾಗಿಯೂ ಇರಲಿಲ್ಲ. ಕಂಬಗಳ ಬುಡಕ್ಕೆ ಹೊಸ ಮರ ಸೇರಿ, ಅದರ ಮೇಲೆ ಮುದ್ರೆ ಬೀಳುವಾಗ ಅದರಲ್ಲಿ ಯಾವ ವರ್ಷ ಇರುತ್ತದೆ ಎಂದು ನಾನು ಕಾಯುತ್ತಿದ್ದೇನೆ.